ಹರಿದ ನೋಟ್‌ಬುಕ್, ಮಗ ಹೇಳಿದ ಸುಳ್ಳು

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಮಗ ನಾಲ್ಕನೇ ಕ್ಲಾಸು, ಮಗಳಿಗೆ ಮೂರು ವರ್ಷ. ಹೋದ ತಿಂಗಳು ಒಂದು ರಾತ್ರಿ ಅಂಗಡಿ ಮುಚ್ಚಿ ಬಂದು ಮಗನಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಅಂಕಿ ಕೆಳಗಿಳಿಸುವುದನ್ನು ಪದೇ ಪದೇ ಮರೆಯುತ್ತಿದ್ದ. ನಾಲ್ಕನೇ ಸಲಕ್ಕೆ ನನಗೆ ಏನಾಯಿತೋ, ನೋಟ್‌ಬುಕ್ ಕಿತ್ತುಕೊಂಡು ಹರಿದು ಬಿಸಾಕಿದೆ, ಬೆನ್ನಿಗೆ ಎರಡು ಏಟೂ ಬಿತ್ತು. ಅವನು ಅಳಲಿಲ್ಲ, ಹಾಳೆ ಆರಿಸಿಕೊಂಡು ಒಳಗೆ ಹೋದ. ಬೆಳಿಗ್ಗೆ ಏನೂ ಆಗದ ಹಾಗೆ ‘ಅಪ್ಪಾ, ಟಾಟಾ’ ಅಂದ. ಮೊನ್ನೆ ಪೋಷಕರ ಸಭೆಗೆ ಹೋದಾಗ ಅವರ ಮಿಸ್ಸು ನಗುತ್ತಾ ‘ನಿಮ್ಮ ಮಗಳು ಬಹಳ ತುಂಟಿಯಂತೆ, ಅಣ್ಣನ ನೋಟ್‌ಬುಕ್ ಹರಿದುಹಾಕಿದಳಂತೆ’ ಅಂದರು. ಸೆಲೋ ಟೇಪ್ ಹಚ್ಚಿದ ಆ ಪುಸ್ತಕ ಟೇಬಲ್ ಮೇಲೇ ಇತ್ತು. ಮಗ ನನ್ನ ಮುಖ ನೋಡಲಿಲ್ಲ, ನನ್ನ ಕಿರುಬೆರಳು ಹಿಡಿದುಕೊಂಡ. ನಾನೂ ಬಾಯಿ ಬಿಡಲಿಲ್ಲ. ನಮ್ಮಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದರು, ಅವರ ಹಾಗೆ ಆಗಲ್ಲ ಅಂದುಕೊಂಡಿದ್ದವನು ನಾನು. ಮನೆಯವಳು ‘ಮಕ್ಕಳು ಮರೆತುಬಿಡ್ತಾರೆ, ಸುಮ್ನೆ ಯೋಚನೆ ಮಾಡ್ಬೇಡಿ’ ಅನ್ನುತ್ತಾಳೆ. ನಾನು ಅಪ್ಪ ಆಗೋಕೆ ಲಾಯಕ್ಕಾ? ಈಗ ಏನು ಮಾಡಲಿ?
– ಒಬ್ಬ ಅಪ್ಪ, ತುಮಕೂರು

ಉತ್ತರ: ಆ ಕಿರುಬೆರಳಿನ ಸಾಲಿಗೆ ಬಂದಾಗ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಸುಳ್ಳಿನಿಂದ ನಿಮ್ಮ ಮಗನಿಗೆ ಏನೂ ಲಾಭ ಇರಲಿಲ್ಲ. ಮಿಸ್ ಎದುರು ಅಪ್ಪನ ಮರ್ಯಾದೆ ಹೋಗಬಾರದು, ಅವನಿಗೆ ಬೇಕಿದ್ದದ್ದು ಅಷ್ಟೇ. ನಾನು 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಇಂಥ ಸುಳ್ಳು ಬಹಳ ಕೇಳಿದ್ದೇನೆ. ‘ಮೆಟ್ಟಿಲಿಂದ ಬಿದ್ದೆ ಮಿಸ್.’ ‘ಅಮ್ಮಂಗೆ ಹುಷಾರಿರಲಿಲ್ಲ, ಅದಕ್ಕೆ ಊಟದ ಡಬ್ಬಿ ತಂದಿಲ್ಲ.’ ಎಂಟು ಒಂಬತ್ತು ವರ್ಷದ ಮಕ್ಕಳು ಮನೆಯ ಮಾನ ಕಾಯುತ್ತಾ ನಿಂತಿರುತ್ತಾರೆ, ನಮಗೆ ಗೊತ್ತೇ ಆಗಲ್ಲ.

ಲಾಯಕ್ಕಾ ಅಂತ ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ಡಾಕ್ಟರು ಇದ್ದರು, ಮನೋವಿಶ್ಲೇಷಕರೂ ಹೌದು. ‘ಗುಡ್ ಎನಫ್ ಮದರ್’ ಅನ್ನುವ ಮಾತನ್ನು 1950ರ ದಶಕದಲ್ಲಿ ಬಳಕೆಗೆ ತಂದವರು ಅವರೇ. ತಕ್ಕಮಟ್ಟಿಗೆ ಒಳ್ಳೆಯ ತಾಯಿಯಾದರೆ ಸಾಕು ಅಂತ ಅರ್ಥ. ಕೂಸು ಚಿಕ್ಕದಿದ್ದಾಗ ತಾಯಿ ಅದು ಅತ್ತ ತಕ್ಷಣ ಓಡಿ ಬರುತ್ತಾಳೆ, ಬರಬರುತ್ತಾ ಅಲ್ಲಲ್ಲಿ ತಪ್ಪುತ್ತಾಳೆ, ಆ ಸಣ್ಣ ಕೊರತೆಗಳನ್ನು ತಾಳಿಕೊಳ್ಳುತ್ತಲೇ ಮಗು ಬಲಿಯುತ್ತದೆ ಅಂದರು. ಅಪ್ಪಂದಿರಿಗೂ ಈ ಮಾತು ಸಲ್ಲುತ್ತದೆ. ಆದರೆ ಹೊಡೆತವನ್ನು ದಯವಿಟ್ಟು ಈ ಲೆಕ್ಕಕ್ಕೆ ಸೇರಿಸಬೇಡಿ. ಹಾಲು ಕೊಡುವುದು ಐದು ನಿಮಿಷ ತಡವಾಗುವುದೇ ಬೇರೆ, ಬೆನ್ನಿಗೆ ಬಾರಿಸುವುದೇ ಬೇರೆ.

ಇನ್ನೊಂದು ವಿಷಯ ಹೇಳುತ್ತೇನೆ. ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ತಿಂಗಳ ಕೂಸಿನ ಜೊತೆ ಆಡುತ್ತಿದ್ದ ತಾಯಿ ಇದ್ದಕ್ಕಿದ್ದ ಹಾಗೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಎರಡು ಮೂರು ನಿಮಿಷ ಸುಮ್ಮನೆ ಕೂರಬೇಕು. ಕೂಸು ಏನು ಮಾಡುತ್ತದೆ ಗೊತ್ತಾ? ಮೊದಲು ತಾಯಿಯನ್ನು ಮಾತಿಗೆಳೆಯಲು ನೋಡುತ್ತದೆ. ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಏನು ಮಾಡಿದರೂ ತಾಯಿ ತಿರುಗಿ ನಗದಿದ್ದಾಗಲೇ ಮುಖ ತಿರುಗಿಸುವುದು, ಅಳುವುದು. ಅಂದರೆ ರಾಜಿಗೆ ಮೊದಲು ಕೈ ಚಾಚಿದ್ದು ಮಾತೇ ಬಾರದ ಕೂಸು. ನಿಮ್ಮ ಮಗನ ‘ಟಾಟಾ’ ಕೂಡ ಅದೇ ಅಲ್ವಾ? ಸರಿಯಾಗಿಯೇ ಇರುವ ತಾಯಿ-ಮಗು ಕೂಡ ಒಬ್ಬರಿಗೊಬ್ಬರು ತಾಳ ಕೂಡಿಸಿಕೊಂಡಿರುವುದು ನೂರರಲ್ಲಿ 30ರಷ್ಟು ಹೊತ್ತು ಮಾತ್ರ ಅಂತಲೂ ಟ್ರಾನಿಕ್ ಕಂಡರು. ಮಿಕ್ಕ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಸರಿಮಾಡಿಕೊಳ್ಳುವುದು.

ನಿಮ್ಮ ಮನೆಯಲ್ಲಿ ತಪ್ಪುವುದು ಆಯಿತು, ಸರಿಮಾಡಿಕೊಳ್ಳುವುದು ಇನ್ನೂ ಆಗಿಲ್ಲ. ಅರ್ಧ ಕೆಲಸವನ್ನು ಮಗನೇ ಮಾಡಿ ಮುಗಿಸಿದ್ದಾನೆ, ನಿಮ್ಮ ಅರ್ಧ ಬಾಕಿ ಇದೆ.

‘ಎರಡು ಏಟೂ ಬಿತ್ತು’ ಎಂದು ಬರೆದಿದ್ದೀರಿ. ಏಟು ತಾನಾಗಿ ಬೀಳುವುದಿಲ್ಲ ಅಪ್ಪಾ, ನೀವು ಹೊಡೆದಿರಿ. ಚುಚ್ಚಲು ಹೇಳುತ್ತಿಲ್ಲ, ನಾವೆಲ್ಲ ಹೀಗೇ ಮಾತಾಡುತ್ತೇವೆ. ನಮ್ಮ ಕಡೆ ದೊಡ್ಡವರು ಮಕ್ಕಳ ಹತ್ತಿರ ‘ನಂದು ತಪ್ಪಾಯ್ತು’ ಅನ್ನುವುದು ಅಪರೂಪ. ರಾತ್ರಿ ಬೈದಿದ್ದರೆ ಬೆಳಿಗ್ಗೆ ದೋಸೆ ಆಗುತ್ತದೆ, ತುಪ್ಪ ಒಂದು ಚಮಚ ಜಾಸ್ತಿ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನಾನೂ ಹಾಗೇ ಮಾಡಿದವಳು. ನನ್ನ ಮಗಳಿಗೆ ಹತ್ತು ವರ್ಷ ಇದ್ದಾಗ, ಶಾಲೆಯ ಸುಸ್ತನ್ನೆಲ್ಲ ತಂದು ಅವಳ ಮೇಲೆ ಸುರಿದು, ಒಂದು ಲೋಟ ಒಡೆದದ್ದಕ್ಕೆ ಕೆನ್ನೆಗೆ ಹೊಡೆದಿದ್ದೆ. ಮಾರನೇ ದಿನ ಅವಳಿಗಿಷ್ಟದ ಸೆಟ್ ದೋಸೆ ಮಾಡಿದೆ. ಅವಳು ತಿಂದು, ನಕ್ಕು, ಹೋದಳು. ಈಗ ಅವಳಿಗೇ ಮಗು ಇದೆ. ಬಾಣಂತನಕ್ಕೆ ಬಂದಾಗ ಒಂದು ಸಂಜೆ ಅದರ ಮಾತು ಬಂತು. ‘ಅಮ್ಮಾ, ನೀನು ದೋಸೆ ಮಾಡಿದ್ದು ನೋಡಿ ನನ್ನನ್ನ ಕ್ಷಮಿಸಿದೀಯ ಅಂತ ಅಂದ್ಕೊಂಡೆ’ ಅಂದಳು. ಅಷ್ಟು ವರ್ಷ ತಪ್ಪು ತನ್ನದೇ ಅಂತ ಇಟ್ಟುಕೊಂಡಿದ್ದಳು. ದೋಸೆಯಲ್ಲಿ ಪ್ರೀತಿ ಇತ್ತು, ತಪ್ಪು ಯಾರದು ಅನ್ನುವುದು ಇರಲಿಲ್ಲ. ಅವತ್ತು ಮೊಮ್ಮಗುವನ್ನು ತೊಡೆ ಮೇಲೆ ಹಾಕಿಕೊಂಡೇ ಅವಳಿಗೆ ‘ತಪ್ಪಾಯ್ತು ಮಗಳೇ’ ಅಂದೆ. ಇಬ್ಬರೂ ಅತ್ತೆವು.

ಅದಕ್ಕೇ ‘ಮಕ್ಕಳು ಮರೆತುಬಿಡ್ತಾರೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ಷಮಿಸುತ್ತಾರೆ, ಅದು ನಿಜ. ಅವರ ಕ್ಷಮೆ ದೊಡ್ಡದು, ಕೇಳದೆ ಸಿಗುತ್ತದೆ. ಆದರೆ ಅವರಿಗೆ ಅನ್ನ, ನೀರು, ಆಸರೆ ಎಲ್ಲ ನಾವೇ ಅಲ್ವಾ? ಅಪ್ಪ ಕೆಟ್ಟವನು ಅಂದುಕೊಳ್ಳುವುದಕ್ಕಿಂತ ನಾನೇ ದಡ್ಡ ಅಂದುಕೊಳ್ಳುವುದು ಮಗುವಿಗೆ ಸುಲಭ. ನಿಮ್ಮ ಮಗನ ತಲೆಯಿಂದ ತೆಗೆಯಬೇಕಾದದ್ದು ಅದು.

ಇವತ್ತೇ ಮಾತಾಡಿ. ಅಂಗಡಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರೂ ಆದೀತು. ‘ಅವತ್ತು ನೋಟ್‌ಬುಕ್ ಹರಿದಿದ್ದು ನಾನು, ನಿನ್ನ ಹೊಡೆದಿದ್ದೂ ನಾನು. ಲೆಕ್ಕ ತಪ್ಪಾದರೆ ಯಾರೂ ಹೊಡೆಯಬಾರದು. ತಪ್ಪು ನನ್ನದು. ಮಿಸ್ ಹತ್ತಿರ ನಾನೇ ಹೇಳ್ತೀನಿ, ನೀನು ಇನ್ನು ಏನೂ ಮುಚ್ಚಿಡೋದು ಬೇಡ.’ ಇಷ್ಟು ಸಾಕು. ‘ನೀನೂ ಸ್ವಲ್ಪ ಗಮನ ಕೊಡಬೇಕಿತ್ತು’ ಅಂತ ಬಾಲ ಸೇರಿಸಬೇಡಿ. ‘ಕ್ಷಮಿಸ್ತೀಯಾ’ ಅಂತ ಕೇಳಬೇಡಿ, ಕೇಳಿದರೆ ಅವನು ಹೂಂ ಅನ್ನಲೇಬೇಕಾಗುತ್ತದೆ. ಅವನ ಎದುರು ಗೋಳೋ ಅಂತ ಅಳಬೇಡಿ, ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವನ ತಲೆಗೇ ಬರುತ್ತದೆ. ಸುಳ್ಳು ಹೇಳಿದ್ದಕ್ಕೆ ಈಗ ಬುದ್ಧಿ ಹೇಳುವುದಂತೂ ಬೇಡವೇ ಬೇಡ. ಆಮೇಲೆ ನಿಜವಾಗಿಯೂ ಮಿಸ್ ಹತ್ತಿರ ಹೋಗಿ ಹೇಳಿ. ಕಷ್ಟ ಆಗುತ್ತದೆ, ಗೊತ್ತು. ಮೂರು ವರ್ಷದ ಮಗಳ ಮೇಲೆ ಕೂತ ಅಪವಾದ ಕೂಡ ಹೋಗಬೇಕಲ್ಲ!

ಇನ್ನು ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಭಾಗಾಕಾರ ಬೇಡ. ನಿಮಗೂ ಹಸಿವು, ಅವನಿಗೂ ನಿದ್ದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಕೂತುಕೊಳ್ಳಿ, ಇಲ್ಲವೇ ಆ ಪಾಠವನ್ನು ಅವರ ಮಿಸ್‌ಗೇ ಬಿಡಿ. ಕೈ ಎತ್ತುವುದು ಇದೊಂದೇ ಸಲ ಅಲ್ಲ, ಆಗಾಗ ಆಗುತ್ತಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಹದಿನೈದು ವರ್ಷದ ಮಗನ ಫೋನ್ ತೆಗೆದು ಮೆಸೇಜ್ ಓದಿದೆ, ಸಿಟ್ಟಿನಲ್ಲಿ ನಮ್ಮಕ್ಕನ ಹತ್ತಿರವೂ ಹೇಳಿಬಿಟ್ಟೆ. ಸಾರಿ ಕೇಳಿದೆ. ‘ಆಯ್ತು ಬಿಡು’ ಅಂದವನು ಮೂರು ವಾರದಿಂದ ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾನೆ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಮಾತ್ರ ಹೊರಗೆ ಬಂದು, ಎಮರ್ಜೆನ್ಸಿ ಲೈಟನ್ನು ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಮಾತಾಡದೆ ಹೋದ. ಇನ್ನೂ ಎಷ್ಟು ಸಲ ಕ್ಷಮೆ ಕೇಳಲಿ?
– ಶಿರಸಿಯ ಓದುಗರು

ಉತ್ತರ: ಇನ್ನು ಕೇಳಬೇಡಿ. ಒಂದು ಸಲ ಕೇಳಿದ್ದು ಅವನಿಗೆ ಮುಟ್ಟಿದೆ. ಪದೇ ಪದೇ ಕೇಳುತ್ತಾ ಹೋದರೆ ನಿಮ್ಮ ನೆಮ್ಮದಿಗೆ ಕೇಳಿದ ಹಾಗಾಗುತ್ತದೆ. ಒಂಬತ್ತು ವರ್ಷದವನು ಮಾರನೇ ದಿನವೇ ಟಾಟಾ ಅನ್ನುತ್ತಾನೆ. ಹದಿನೈದರವನಿಗೆ ಮುಚ್ಚಿಕೊಳ್ಳಲು ತನ್ನದೇ ಒಂದು ಬಾಗಿಲು ಇರುತ್ತದೆ, ನೀವು ದಾಟಿದ್ದೂ ಅದನ್ನೇ. ಸಮಯ ಹಿಡಿಯುತ್ತದೆ. ನಿಮ್ಮ ಅಕ್ಕನ ಹತ್ತಿರ ಮಾತ್ರ ಇವತ್ತೇ ಹೇಳಿಬಿಡಿ, ಆ ವಿಷಯ ಅವರು ಅವನ ಮುಂದಾಗಲಿ ಬೇರೆಯವರ ಮುಂದಾಗಲಿ ಎತ್ತಬಾರದು ಅಂತ.

ಅವನು ಆ ಲೈಟನ್ನು ತನ್ನ ರೂಮಿಗೆ ಒಯ್ಯಬಹುದಿತ್ತು, ನೀವಿರುವ ಕಡೆ ತಂದಿಟ್ಟ. ಅದನ್ನು ನೀವೂ ಗಮನಿಸಿದ್ದೀರಿ, ಇಲ್ಲದಿದ್ದರೆ ನನಗೆ ಬರೆಯುತ್ತಿರಲಿಲ್ಲ. ಅದರ ಬಗ್ಗೆ ಅವನನ್ನು ಏನೂ ಕೇಳಬೇಡಿ. ಚಾರ್ಜ್‌ಗೆ ಹಾಕಿ, ಅವನು ತೆಗೆದ ಜಾಗದಲ್ಲೇ ಇಟ್ಟಿರಿ.