ಆರ್ಥೋದಲ್ಲಿ ಎಂಡಿಎಸ್ ಮಾಡಬೇಕಾ, ವೀಕೆಂಡ್ ಕೋರ್ಸ್ ಸಾಕಾಗಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಂತವೈದ್ಯ ಪದವಿ ಬಿಡಿಎಸ್ ಮುಗಿದು ಎರಡು ವರ್ಷವಾಗಿದೆ, ಗೋಣಿಕೊಪ್ಪದ ಒಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದೀರಿ, ಆರ್ಥೋ, ಅಂದರೆ ಹಲ್ಲಿಗೆ ಕ್ಲಿಪ್ ಹಾಕಿ ಸಾಲು ಸರಿಮಾಡುವ ಕೆಲಸ ಇಷ್ಟ. ಅದಕ್ಕೆ ಮೂರು ವರ್ಷದ ಸ್ನಾತಕೋತ್ತರ ಪದವಿ ಎಂಡಿಎಸ್ ಬೇಕೇ ಬೇಕಾ, ಆರು ವೀಕೆಂಡಿನ ಸರ್ಟಿಫಿಕೇಟ್ ಕೋರ್ಸ್ ಸಾಲದಾ, ಓದಿ ಕೊಡಗಿಗೇ ವಾಪಸ್ ಬಂದರೆ ಕೆಲಸ ಇರುತ್ತಾ.

ನಾನು ಎರಡನ್ನೂ ಮಾಡಿದವಳು. ಮೊದಲು ವೀಕೆಂಡ್ ಕೋರ್ಸ್, ಆಮೇಲೆ ಎಂಡಿಎಸ್. ಈ ಕ್ರಮದಲ್ಲಿ ಮಾಡಬೇಡಿ.

ಕೋರ್ಸ್ ನಡೆಯುತ್ತಿದ್ದ ಹುರುಪಿನಲ್ಲೇ ನಾನು ಹಿಡಿದ ಮೊದಲ ಕೇಸ್ ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿಯದು. ಹದಿನಾರು ವರ್ಷ, ಹಲ್ಲು ಉಬ್ಬು, ಜೊತೆಗೆ ಸ್ವಲ್ಪ ಸೊಟ್ಟ. ಕೋರೆಹಲ್ಲಿನ ಹಿಂದಿರುವ ಪ್ರೀಮೋಲಾರ್ ಹಲ್ಲು ನಾಲ್ಕು ತೆಗೆದೆ, ತಂತಿ ಕೂರಿಸುವ ಬ್ರಾಕೆಟ್ ಅಂಟಿಸಿದೆ, ತೆಳು ನೈಟೈ (ನಿಕಲ್-ಟೈಟೇನಿಯಂ) ತಂತಿ ಹಾಕಿದೆ. ಮೂರು ತಿಂಗಳಲ್ಲಿ ಹಲ್ಲು ಸಾಲಿಗೆ ಬಂತು. ಅವಳ ಅಮ್ಮ ಮನೆಯ ಕಿತ್ತಳೆ ತಂದುಕೊಟ್ಟರು. ಹಲ್ಲು ತೆಗೆದ ಗ್ಯಾಪ್ ಬೇಗ ಮುಚ್ಚೋಣ ಅಂತ ಅದೇ ತೆಳು ತಂತಿಯ ಮೇಲೆ ರಬ್ಬರಿನಂತೆ ಎಳೆಯುವ ಪವರ್ ಚೈನ್ ಎಳೆದು ಕಟ್ಟಿದೆ. ಗ್ಯಾಪ್ ಏನೋ ಕಡಿಮೆಯಾಗುತ್ತಾ ಬಂತು. ಆದರೆ ಹಲ್ಲು ಬೇರುಸಮೇತ ಸರಿಯಲಿಲ್ಲ, ಖಾಲಿ ಜಾಗದ ಕಡೆಗೆ ವಾಲಿದವು. ಆಷಾಢದ ಮಳೆಗೆ ನೆಲ ಮೆತ್ತಗಾದಾಗ ತೋಟದ ಬೇಲಿಗೂಟ ವಾಲುತ್ತದಲ್ಲ, ಹಾಗೆ. ಮೇಲಿನ ಮುಂದಿನ ಹಲ್ಲು ಕೆಳಗಿಳಿದು ಕೆಳಸಾಲನ್ನು ಪೂರ್ತಿ ಮುಚ್ಚಿಬಿಟ್ಟವು. ಏಳನೇ ತಿಂಗಳಿಗೆ ಅವಳು ಹಲ್ಲು ಕಚ್ಚಿದರೆ ಕೆಳಗಿನ ಒಂದು ಹಲ್ಲೂ ಕಾಣುತ್ತಿರಲಿಲ್ಲ.

ಇದಕ್ಕೆ ರೋಲರ್ ಕೋಸ್ಟರ್ ಎಫೆಕ್ಟ್ ಅಂತ ಹೆಸರೇ ಇದೆ. ತಂತಿಯನ್ನು ಹಂತ ಹಂತವಾಗಿ ದಪ್ಪ ಮಾಡುತ್ತಾ ಹೋಗಿ, ಗಟ್ಟಿ ಚೌಕದ ಸ್ಟೀಲ್ ತಂತಿ ಕೂತ ಮೇಲೆಯೇ ಗ್ಯಾಪ್ ಮುಚ್ಚಬೇಕು. ಕೋರ್ಸಿನ ಸ್ಲೈಡಿನಲ್ಲಿ ಇದು ಇತ್ತು, ಆಮೇಲೆ ಹುಡುಕಿ ನೋಡಿದೆ. ಆದರೆ ಕೊನೆಯ ವೀಕೆಂಡ್ ಮುಗಿದಾಗ ನನ್ನ ರೋಗಿಯ ಬಾಯಲ್ಲಿ ಇನ್ನೂ ಮೊದಲ ತಂತಿಯೇ ಇತ್ತು. ತಪ್ಪು ಕಣ್ಣಿಗೆ ಕಾಣುವ ಹೊತ್ತಿಗೆ ಕೇಳಲು ಮೇಷ್ಟ್ರಿಲ್ಲ.

ಮೈಸೂರಿನ ಒಬ್ಬ ಸ್ಪೆಷಲಿಸ್ಟ್ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. "ಶುರು ಮಾಡುವ ಮೊದಲಿನ ಫೋಟೋ, ಮಾಡೆಲ್ ಎಲ್ಲಿ?" ಅಂತ ಕೇಳಿದರು. ಫೋಟೋ ತೆಗೆದಿರಲಿಲ್ಲ. ಹಲ್ಲಿನ ಅಚ್ಚು ತೆಗೆದು ಮಾಡಿದ್ದ ಮಾಡೆಲ್, ಕ್ಲಿನಿಕ್‌ಗೆ ಬಣ್ಣ ಬಳಿಯುವಾಗ ಒಡೆದಿತ್ತು. ಬೈದಿದ್ದರೇ ವಾಸಿಯಿತ್ತು. ಹುಡುಗಿಯ ಅಪ್ಪನಿಗೆ ದುಡ್ಡು ವಾಪಸ್ ಕೊಟ್ಟೆ. ಅವಳ ಹಲ್ಲು ಸರಿಹೋಗಲು ಮತ್ತೆ ಒಂದೂವರೆ ವರ್ಷ ಹಿಡಿಯಿತು.

ಎಂಡಿಎಸ್‌ಗೆ ಮೂರು ವರ್ಷ ಯಾಕೆ ಅನ್ನುವುದಕ್ಕೆ ನನ್ನ ಉತ್ತರ ಇದೇ. ಒಂದು ಪೂರ್ತಿ ಕೇಸಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಮೊದಲ ವರ್ಷ ನೀವು ಕಟ್ಟಿದ ಬಾಯನ್ನು ಮೂರನೇ ವರ್ಷ ನೀವೇ ಬಿಚ್ಚಬೇಕು. ಮಧ್ಯೆ ಆದ ಎಡವಟ್ಟಿಗೆಲ್ಲ ಗೈಡ್ ಮುಂದೆ ನಿಂತು ಉತ್ತರ ಕೊಡಬೇಕು. ಕ್ಲಿಪ್ ಅಂಟಿಸುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಸುತ್ತಾರೆ.

ಮೊದಲ ಕೆಲವು ತಿಂಗಳು ಮಾತ್ರ ಬೇಜಾರು ಬರುತ್ತದೆ, ಹೇಳಿಬಿಡುತ್ತೇನೆ. ರೋಗಿಯೇ ಇಲ್ಲ, ಬರೀ ತಂತಿ. 0.7 ಮಿಮೀ ಸ್ಟೀಲ್ ತಂತಿಯನ್ನು ಸುರುಳಿಯಿಂದ ಕತ್ತರಿಸಿ, ಹೆಬ್ಬೆರಳಿನಲ್ಲಿ ನೀವಿ ನೀವಿ ನೇರ ಮಾಡಬೇಕು. ಮೇಜಿನ ಮೇಲೆ ಇಟ್ಟರೆ ಎಲ್ಲೂ ಎದ್ದಿರಬಾರದು. ಆಮೇಲೆ ಆಡಮ್ಸ್ ಕ್ಲಾಸ್ಪ್, ಅಂದರೆ ದವಡೆ ಹಲ್ಲನ್ನು ಎರಡು ಬಾಣದ ಮೊನೆಗಳಿಂದ ಹಿಡಿಯುವ ಕೊಂಡಿ. ಒಮ್ಮೆ ತಪ್ಪಾಗಿ ಬಗ್ಗಿಸಿದ್ದನ್ನು ಬಿಚ್ಚಿ ಮತ್ತೆ ಬಗ್ಗಿಸಲು ಹೋದರೆ ತಂತಿ ಅಲ್ಲೇ ಮುರಿಯುತ್ತದೆ. ನಮ್ಮ ಮೇಡಂ ಬೆಳಕಿಗೆ ಹಿಡಿದು ನೋಡಿ, ಮಾತಿಲ್ಲದೆ ಕಸದ ಬುಟ್ಟಿಗೆ ಹಾಕುತ್ತಿದ್ದರು. ನನ್ನ ಹದಿನೇಳನೆಯದು ಪಾಸಾಯಿತು.

ಅದಾದ ಮೇಲೆ ಟೈಪೊಡಾಂಟ್. ಮೇಣದಲ್ಲಿ ನೆಟ್ಟ ಹಲ್ಲಿನ ಸಾಲು ಅದು. ಬ್ರಾಕೆಟ್, ತಂತಿ ಕಟ್ಟಿ ಬಿಸಿನೀರಿಗೆ ಅದ್ದಿದರೆ ಮೇಣ ಮೆತ್ತಗಾಗಿ, ತಂತಿ ಎಳೆದ ಕಡೆಗೆ ಹಲ್ಲು ಸರಿಯುತ್ತವೆ. ಬಾಯಲ್ಲಿ ತಿಂಗಳಿಗೆ ಸುಮಾರು 1 ಮಿಮೀ ಆಗುವ ಕೆಲಸ ಇಲ್ಲಿ ನಿಮಿಷಗಳಲ್ಲಿ ಆಗುತ್ತದೆ. ಒಂದು ರಾತ್ರಿ ಎಲ್ಲರೂ ಹೋದ ಮೇಲೆ ನಾನು ಸೋಮವಾರಪೇಟೆಯ ತಪ್ಪನ್ನೇ ಬೇಕಂತಲೇ ಮಾಡಿ ನೋಡಿದೆ. ತೆಳು ತಂತಿ, ಮೇಲೆ ಪವರ್ ಚೈನ್. ಎರಡು ಸಲ ಅದ್ದಿದ್ದಷ್ಟೇ, ಹಲ್ಲುಗಳು ಥೇಟ್ ಆ ಹುಡುಗಿಯ ಬಾಯಲ್ಲಿ ವಾಲಿದಂತೆಯೇ ವಾಲಿದವು. ಇದನ್ನು ಮೊದಲೇ ಮೇಣದಲ್ಲಿ ಮಾಡಿದ್ದರೆ ಅನಿಸಿತು.

ಉಳಿದದ್ದು ಚುಟುಕಾಗಿ: ಸೆಫಲೋಮೆಟ್ರಿಕ್ ಎಕ್ಸ್‌ರೇ ಟ್ರೇಸಿಂಗ್ (ತಲೆಯ ಎಕ್ಸ್‌ರೇ ಮೇಲೆ ಗೆರೆ ಎಳೆದು ದವಡೆ, ಹಲ್ಲು ಅಳೆಯುವುದು), ಮೊದಲ ವರ್ಷದ ಕೊನೆಗೆ ಬೇಸಿಕ್ ಸೈನ್ಸ್ ಪರೀಕ್ಷೆ, ಸೆಮಿನಾರು, ಥೀಸಿಸ್, ಕೊನೆಗೆ ನೀವೇ ಮುಗಿಸಿದ ಕೇಸುಗಳನ್ನು ದಾಖಲೆ ಸಮೇತ ಪರೀಕ್ಷಕರ ಮುಂದೆ ಇಡುವುದು. ಸೀನಿಯರ್‌ಗಳು ಬಿಟ್ಟುಹೋದ ಅರ್ಧ ಕೇಸುಗಳೂ ನಿಮ್ಮ ತಲೆಗೇ ಬರುತ್ತವೆ. ಬೈದುಕೊಳ್ಳುತ್ತಲೇ ಅವುಗಳಿಂದ ಜಾಸ್ತಿ ಕಲಿಯುತ್ತೀರಿ.

ಸೀಟಿನ ವಿಷಯ. ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗ, ಅದರಲ್ಲಿ ಆರ್ಥೋ ಬೇಗ ಖಾಲಿಯಾಗುವ ಸೀಟು. ಪ್ರವೇಶ ಪರೀಕ್ಷೆ ನೀಟ್ ಎಂಡಿಎಸ್‌ನಲ್ಲಿ 240 ಪ್ರಶ್ನೆ, 3 ಗಂಟೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜಿಗೆ ಕೇಂದ್ರದ ಎಂಸಿಸಿ ಕೌನ್ಸೆಲಿಂಗ್, ನಮ್ಮ ರಾಜ್ಯದ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಎರಡಕ್ಕೂ ಬೇರೆ ಬೇರೆಯಾಗಿ ನೋಂದಾಯಿಸಬೇಕು, ಒಂದನ್ನು ಮರೆತು ಕಣ್ಣೀರಿಟ್ಟವರನ್ನು ನೋಡಿದ್ದೇನೆ. ಬೆಂಗಳೂರಿನ ಸರ್ಕಾರಿ ಕಾಲೇಜಿನ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಸೇರಿ. ವಿರಾಜಪೇಟೆಯಲ್ಲೇ ಡೆಂಟಲ್ ಕಾಲೇಜಿದೆ, ಮನೆ ಊಟ ಬೇಕು ಅನ್ನುವವರು ಆ ಲಿಸ್ಟನ್ನೂ ನೋಡಿಕೊಳ್ಳಿ. ಮ್ಯಾನೇಜ್‌ಮೆಂಟ್ ಸೀಟಿಗೆ ತೋಟ ಅಡ ಇಡುವ ಯೋಚನೆ ಇದ್ದರೆ ನನ್ನ ಮಟ್ಟಿಗೆ ಬೇಡ. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಮೇಲೆ ಬ್ಯಾಂಕಿನಲ್ಲಿ ಸಾಲ ಹುಟ್ಟಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾ? ಇನ್ನೊಂದು ವರ್ಷ ಓದಿ ರ್‍ಯಾಂಕ್ ಏರಿಸಿಕೊಳ್ಳುವುದು ಅಗ್ಗ.

ಕೊಡಗಿನಲ್ಲಿ ಕೆಲಸ ಇದೆಯಾ? ಇದೆ, ಆದರೆ ಒಂದೇ ಊರಲ್ಲಿ ಕೂತರೆ ಸಾಲದು. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯಲ್ಲಿ ಐದೂವರೆ ಲಕ್ಷ ಜನ, ಅವರೂ ಗುಡ್ಡಕ್ಕೊಬ್ಬರಂತೆ ಚದುರಿದ್ದಾರೆ. ನನಗೆ ಮಡಿಕೇರಿಯಲ್ಲಿ ಎರಡು ದಿನ, ಕುಶಾಲನಗರ, ಗೋಣಿಕೊಪ್ಪ, ನಾಪೋಕ್ಲುಗೆ ಒಂದೊಂದು ದಿನ. ಕಾರಿನ ಡಿಕ್ಕಿಯೇ ನನ್ನ ಸ್ಟೋರ್ ರೂಮು.

ಇಲ್ಲಿನ ಲೆಕ್ಕಾಚಾರವನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಎಸ್ಎಸ್ಎಲ್‌ಸಿ ಮುಗಿದ ತಕ್ಷಣ ನಮ್ಮ ಮಕ್ಕಳು ಮೈಸೂರು, ಮಂಗಳೂರಿನ ಹಾಸ್ಟೆಲಿಗೆ ಹೋಗುತ್ತಾರೆ. ಒಂಬತ್ತನೇ ಕ್ಲಾಸಿನ ಕೊನೆಗೆ ಕ್ಲಿಪ್ ಹಾಕಿದರೆ ಅರ್ಧಕ್ಕೇ ನಿಲ್ಲುವುದು ಗ್ಯಾರಂಟಿ. ಜುಲೈಯಲ್ಲಿ ಭಾಗಮಂಡಲ ಕಡೆಯವರು ಅಪಾಯಿಂಟ್‌ಮೆಂಟಿಗೆ ಬರುತ್ತಾರೆ ಅಂತ ನಂಬಬೇಡಿ. ಕಾಫಿ ಮಾರಿ ದುಡ್ಡು ಕೈಗೆ ಬರುವವರೆಗೆ ಕಂತು ಕೇಳಬೇಡಿ. ಮದುವೆಗೆ ನಾಲ್ಕು ತಿಂಗಳಿದೆ ಅಂತ ಬರುವವರಿಗೆ ಆಗಲ್ಲ ಅನ್ನುವ ಧೈರ್ಯ ಇರಲಿ.

ಹಾಕಿಯದೇ ಒಂದು ಕಥೆ. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ ಸ್ಟಿಕ್ ಇಲ್ಲದ ಮನೆ ಕಡಿಮೆ. ಉಬ್ಬು ಹಲ್ಲಿನ ಮಗುವಿಗೆ ಪೆಟ್ಟು ಬಿದ್ದರೆ ಮೊದಲು ಹೋಗುವುದು ಆ ಮುಂದಿನ ಹಲ್ಲೇ. ಕೆಳದವಡೆ ಹಿಂದಿದ್ದು ಹಲ್ಲು ಉಬ್ಬಿದ್ದರೆ, ಮಗು ಎತ್ತರ ಜಿಗಿಯುವ ವಯಸ್ಸಿನಲ್ಲಿ ಟ್ವಿನ್ ಬ್ಲಾಕ್‌ನಂಥ, ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಸಾಧನ ಒಳ್ಳೆ ಕೆಲಸ ಮಾಡುತ್ತದೆ. ಬೆಳವಣಿಗೆ ಮುಗಿದ ಮೇಲೆ ಅದೇ ಸಾಧನದಿಂದ ಅಷ್ಟು ಫಲ ಸಿಗುವುದಿಲ್ಲ. ಆ ಸಮಯ ಯಾವುದು ಅಂತ ಎಕ್ಸ್‌ರೇ ನೋಡಿ ಗುರುತಿಸಲು ಕಲಿತದ್ದು ಎಂಡಿಎಸ್‌ನಲ್ಲೇ. ವೀಕೆಂಡ್ ಕೋರ್ಸಿನಲ್ಲಿ ಎಲ್ಲರಿಗೂ ಬ್ರಾಕೆಟ್ಟೇ ಔಷಧಿ. ಕ್ಲಿಪ್ ಹಾಕಿಕೊಂಡೇ ಆಡುವವರಿಗೆ ನಾನು ಮೌತ್‌ಗಾರ್ಡ್ ಕಡ್ಡಾಯ ಮಾಡಿದ್ದೇನೆ. ಆದರೂ ಮೇ ತಿಂಗಳಲ್ಲಿ ಕಿತ್ತುಬಂದ ಬ್ರಾಕೆಟ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದೇ ಬರುತ್ತಾರೆ.

ಸರ್ಟಿಫಿಕೇಟ್ ಇಟ್ಟುಕೊಂಡು ಆರ್ಥೋಡಾಂಟಿಸ್ಟ್ ಅಂತ ಬೋರ್ಡ್ ಹಾಕಲು ಬರುವುದಿಲ್ಲ, ಅದು ನಿಮಗೂ ಗೊತ್ತಿರುತ್ತದೆ.

ಕೊನೆಗೆ ನೀವು ಕೇಳದ ಒಂದು ವಿಷಯ. ಈಗಾಗಲೇ ಒಂದೆರಡು ಕ್ಲಿಪ್ ಕೇಸ್ ಹಿಡಿದಿದ್ದರೆ, ಕೋಚಿಂಗಿಗೆ ಹೊರಡುವ ಮೊದಲು ಅವರನ್ನು ಒಬ್ಬ ಸ್ಪೆಷಲಿಸ್ಟ್‌ಗೆ ಒಪ್ಪಿಸಿ ಹೋಗಿ. ಫೋಟೋ, ಎಕ್ಸ್‌ರೇ, ಯಾವ ತಿಂಗಳು ಯಾವ ತಂತಿ ಹಾಕಿದಿರಿ ಅನ್ನುವ ಚೀಟಿ, ಎಲ್ಲ ಜೊತೆಗಿರಲಿ. ಮಾಡೆಲ್‌ಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬದಲ್ಲಿಡಿ, ಕ್ಲಿನಿಕ್‌ಗೆ ಬಣ್ಣ ಬಳಿಯುವುದು ಯಾವಾಗ ಅಂತ ಹೇಳಲಾಗದು.