ಪ್ರತಿಕ್ರಿಯೆ: ಟಾಮಿ ಡಗ್ಲಸ್ ಧರ್ಮಸೇವೆ ಬಿಟ್ಟದ್ದೇಕೆ?

ಕೆನಡಾದ ಸರ್ಕಾರಿ ಆರೋಗ್ಯ ವಿಮೆಗೆ ಅಡಿಪಾಯ ಹಾಕಿದ ಟಾಮಿ ಡಗ್ಲಸ್ ಪಾದ್ರಿಯ ಹುದ್ದೆ ಬಿಟ್ಟು ರಾಜಕೀಯಕ್ಕೆ ಇಳಿದದ್ದು ಅಧಿಕಾರದ ಆಸೆಯಿಂದಲೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಲ್ಯದಲ್ಲಿ ಅವರ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ತಂದೆತಾಯಿಗೆ ತಜ್ಞರ ಶುಲ್ಕ ಕೊಡುವ ಶಕ್ತಿಯಿಲ್ಲ, ಕಾಲು ಕತ್ತರಿಸುವುದೇ ದಾರಿ ಎಂಬ ಸ್ಥಿತಿ. ವಿದ್ಯಾರ್ಥಿಗಳಿಗೆ ಪಾಠವಾಗುತ್ತದೆಂದು ವಿನ್ನಿಪೆಗ್‌ನ ಒಬ್ಬ ಶಸ್ತ್ರವೈದ್ಯರು ಉಚಿತವಾಗಿ ಚಿಕಿತ್ಸೆ ನೀಡಿದ್ದರಿಂದ ಕಾಲು ಉಳಿಯಿತು. ಮಗುವಿನ ಕಾಲು ಉಳಿಯುವುದು ಅದೃಷ್ಟದ ಮಾತಾಗಬಾರದು ಎಂಬ ಹಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1930ರಲ್ಲಿ ಅವರು ಸಸ್ಕಾಚವಾನ್ ಪ್ರಾಂತ್ಯದ ವೇಬರ್ನ್ ಊರಿನ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾದರು. ಬರಗಾಲ, ಆರ್ಥಿಕ ಕುಸಿತ ಎರಡೂ ಒಟ್ಟಿಗೆ ಬಂದೆರಗಿದ್ದ ಕಾಲವದು. ವೈದ್ಯರ ನೆರವು ಸಿಗದೆ ಸತ್ತವರ ಅಂತ್ಯಕ್ರಿಯೆಯನ್ನು ಅವರೇ ನಡೆಸಬೇಕಾಯಿತು. ಅಂಥವರ ಮನೆಯವರಿಗೆ ಬರೀ ಸಾಂತ್ವನ ಹೇಳಿ ಸುಮ್ಮನಿರುವುದು ಹೇಗೆ? 1935ರಲ್ಲಿ ಸಂಸತ್ತಿಗೆ ಆಯ್ಕೆಯಾದರು, 1944ರಲ್ಲಿ ಸಸ್ಕಾಚವಾನ್ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಆದರು. ಮೊದಲ ಕೆಲವು ವರ್ಷ ಆರೋಗ್ಯ ಖಾತೆಯನ್ನೂ ತಮ್ಮಲ್ಲೇ ಇಟ್ಟುಕೊಂಡದ್ದನ್ನು ಗಮನಿಸಿ. 1947ರಲ್ಲಿ ಆಸ್ಪತ್ರೆ ವಿಮೆ ಜಾರಿಗೆ ಬಂತು. ವಾರ್ಷಿಕ ವಂತಿಗೆ ತಲಾ ಐದು ಡಾಲರ್.

ಅವರ 1933ರ ಸ್ನಾತಕೋತ್ತರ ಪ್ರಬಂಧ ಮಾತ್ರ ನನಗೆ ಇಂದಿಗೂ ನೋವು ತರುತ್ತದೆ. ಅದರಲ್ಲಿ ‘ಅಯೋಗ್ಯರ’, ಅಂದರೆ ಬುದ್ಧಿಮಾಂದ್ಯರೆಂದು ಕರೆಯಲಾದವರೇ ಮೊದಲಾದವರ, ಸಂತಾನಹರಣವನ್ನು (ಮಕ್ಕಳಾಗದಂತೆ ಮಾಡುವ ಶಸ್ತ್ರಚಿಕಿತ್ಸೆ) ಸಮರ್ಥಿಸಿದ್ದರು. ಅಧಿಕಾರ ಸಿಕ್ಕಾಗ ಆ ದಾರಿ ಹಿಡಿಯಲಿಲ್ಲ ಎಂಬುದನ್ನೂ ಹೇಳಲೇಬೇಕು.

ವೈದ್ಯರ ಶುಲ್ಕವನ್ನೂ ಒಳಗೊಂಡ ಪೂರ್ಣ ವೈದ್ಯಕೀಯ ವಿಮೆ 1962ರ ಜುಲೈ 1ರಂದು, ಅವರ ಉತ್ತರಾಧಿಕಾರಿ ವುಡ್ರೋ ಲಾಯ್ಡ್ ಕಾಲದಲ್ಲಿ, ಅದನ್ನು ವಿರೋಧಿಸಿದ ವೈದ್ಯರ 23 ದಿನಗಳ ಮುಷ್ಕರದ ನಡುವೆ ಆರಂಭವಾಯಿತು. ಲಾಯ್ಡ್ ಅವರ ಬಗ್ಗೆಯೂ ತಪ್ಪದೆ ಓದಿ.