ಕ್ಲೈಂಟ್ಸ್ ಕರ್ಕೊಂಡು ಹೊರಡೋ ಮುಂಚೆ ಆ ಸಿನಿಮಾ ನಾಲ್ಕನೇ ಸಲ ನೋಡಿ

ಪತ್ರ: ಮೇಡಂ, ನನಗೆ 33. ಕಾಲೇಜ್ ಫ್ರೆಂಡ್ ಜೊತೆ ಸೇರಿ ಮೂರು ವರ್ಷದಿಂದ ಚಿಕ್ಕ ಸಾಫ್ಟ್‌ವೇರ್ ಬಿಸಿನೆಸ್ ನಡೆಸ್ತಿದ್ದೀನಿ, ಆ್ಯಪ್ ಮಾಡ್ಕೊಡ್ತೀವಿ. ದುಡ್ಡು ಅವನದು, ಕೆಲಸ ನಂದು, ಫಿಫ್ಟಿ ಫಿಫ್ಟಿ ಅಂತ ಬಾಯಿ ಮಾತು ಅಷ್ಟೇ. ನನಗೆ ಸಿನಿಮಾ ಅಂದ್ರೆ ಪ್ರಾಣ, ಬಿಸಿನೆಸ್ ಕಲಿತಿದ್ದೇ ಅಲ್ಲಿಂದ, ಡೈಲಾಗ್ ಬರ್ಕೊಳ್ಳೋಕೆ ಒಂದು ನೋಟ್‌ಬುಕ್ಕೇ ಇದೆ. ಮೊನ್ನೆ ‘ದಿ ಫೌಂಡರ್’ ಮೂರನೇ ಸಲ ನೋಡಿದೆ, ಆಮೇಲಿಂದ ನಿದ್ದೆ ಇಲ್ಲ. ನಮ್ಮ ಡೊಮೇನ್, ಆ್ಯಪ್ ಸ್ಟೋರ್ ಅಕೌಂಟ್ ಎಲ್ಲಾ ಅವನ ಹೆಸರಲ್ಲೇ ಇದೆ ಅಂತ ಆಗ ಹೊಳೀತು. ಸಿನಿಮಾ ನೋಡಿ ತಲೆ ಕೆಡಿಸ್ಕೊಂಡಿದ್ದೀರಾ ಅಂತಾಳೆ ಹೆಂಡ್ತಿ. ನಾನೀಗ ಅವನ ಮುಖದ ಮೇಲೇ ಕೇಳಿಬಿಡ್ಲಾ, ಸೈಲೆಂಟಾಗಿ ಕ್ಲೈಂಟ್ಸ್ ಜೊತೆ ಮಾತಾಡಿ ಅವರನ್ನ ಕರ್ಕೊಂಡು ಹೊರಡ್ಲಾ, ಇಲ್ಲಾ ಎಲ್ಲಾ ಅವನಿಗೇ ಬಿಟ್ಟು ಹೋಗಿಬಿಡ್ಲಾ?

ಉತ್ತರ:

ಮೊದಲು ನಿಮ್ಮ ಹೆಂಡತಿ ವಿಷಯ. ಅವರು ಹೇಳೋದು ಅರ್ಧ ಸರಿ. ಸಿನಿಮಾ ನೋಡಿ ಬಿಸಿನೆಸ್ ನಡೆಸೋಕಾಗಲ್ಲ ನಿಜ, ಆದ್ರೆ ಡೊಮೇನ್ ಯಾರ ಹೆಸರಲ್ಲಿದೆ ಅನ್ನೋದು ಸಿನಿಮಾ ಕಥೆ ಅಲ್ವಲ್ಲ, ಮೂರು ವರ್ಷದಿಂದ ಕಣ್ಣೆದುರೇ ಇತ್ತು, ನಿಮಗೆ ಕಂಡಿದ್ದು ಈಗ. ಅಷ್ಟರ ಮಟ್ಟಿಗೆ ಆ ಸಿನಿಮಾಗೆ ಒಂದು ಥ್ಯಾಂಕ್ಸ್ ಹೇಳಿ.

ಆದ್ರೆ ನೀವು ಅದನ್ನ ಪೂರ್ತಿ ನೋಡಿಲ್ಲ ಅಂತ ನನಗನ್ನಿಸುತ್ತೆ, ಮೂರು ಸಲ ನೋಡಿದ್ರೂ. ಓದೋ ಬೇರೆಯವರಿಗೋಸ್ಕರ ಸ್ವಲ್ಪ ಹೇಳ್ತೀನಿ. 2016ರ ಸಿನಿಮಾ, ಮೆಕ್‌ಡೊನಾಲ್ಡ್ಸ್ ಕಥೆ. ಡಿಕ್, ಮ್ಯಾಕ್ ಅಂತ ಅಣ್ಣ ತಮ್ಮ ಕಟ್ಟಿದ್ದ ಅಂಗಡೀನ 1954ರಲ್ಲಿ ರೇ ಕ್ರಾಕ್ ಅನ್ನೋ ಸೇಲ್ಸ್‌ಮನ್ ನೋಡ್ತಾನೆ, ಅವನಿಗಾಗ 52 ವಯಸ್ಸು, ಮಿಲ್ಕ್‌ಶೇಕ್ ಮೆಷಿನ್ ಮಾರ್ಕೊಂಡು ಓಡಾಡ್ತಿದ್ದ. ಬೇರೆ ಊರುಗಳಲ್ಲೂ ಅದೇ ಹೆಸರಲ್ಲಿ ಅಂಗಡಿ ತೆರೆಸೋಕೆ ಅವರ ಜೊತೆ ಕಾಂಟ್ರ್ಯಾಕ್ಟ್ ಮಾಡ್ಕೊಳ್ತಾನೆ. ಕೊನೆಗೆ 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಅಣ್ಣ ತಮ್ಮನ್ನ ಹೊರಗೆ ಕಳಿಸ್ತಾನೆ. ಮುಂದೆ ಸಿಗಬೇಕಾಗಿದ್ದ ರಾಯಲ್ಟಿ ಬರೀ ಕೈ ಕುಲುಕಿ ಆಡಿದ ಮಾತು, ಅದು ಅವರ ಕೈ ಸೇರೋದೇ ಇಲ್ಲ ಅಂತ ತೋರಿಸ್ತಾರೆ. ನಿಮ್ಮ ಹೊಟ್ಟೇಲಿ ಕಿವುಚಿದ್ದು ಇದೇ ಸೀನ್ ತಾನೇ?

ನನಗೆ ಮಾತ್ರ ಮುಖ್ಯ ಅನ್ನಿಸೋದು ಅದಕ್ಕಿಂತ ಮುಂಚೆ ಬರೋ ಬೋರಿಂಗ್ ಸೀನ್, ಕ್ರಾಕ್‌ಗೆ ದುಡ್ಡಿನ ಸಲಹೆ ಕೊಡೋ ಹ್ಯಾರಿ ಸೊನೆಬಾರ್ನ್ ಬಂದು ಲೆಕ್ಕದ ಪುಸ್ತಕ ತೆಗೆಸಿ ನೋಡ್ತಾನಲ್ಲ ಅದು. ಅಣ್ಣ ತಮ್ಮನ ಹತ್ರ ಕಾಂಟ್ರ್ಯಾಕ್ಟ್ ಇತ್ತು ರೀ, ಅದೂ ಗಟ್ಟಿ ಕಾಂಟ್ರ್ಯಾಕ್ಟು, ಅವರ ಒಪ್ಪಿಗೆ ಇಲ್ಲದೆ ಏನೂ ಬದಲಾಯಿಸೋ ಹಾಗಿರಲಿಲ್ಲ. ಆದ್ರೆ ಅಂಗಡಿ ಕೆಳಗಿನ ನೆಲ ಯಾರದು ಅನ್ನೋದು ಅದರಲ್ಲಿ ಬರಲೇ ಇಲ್ಲ. 1956ರಲ್ಲಿ ಜಾಗಕ್ಕೆ ಅಂತಾನೇ ಬೇರೆ ಕಂಪನಿ ಮಾಡಿದ್ರು, ನೆಲ ಕ್ರಾಕ್ ಕೈಗೆ ಬಂದ ಮೇಲೆ ಕಾಂಟ್ರ್ಯಾಕ್ಟ್ ಎಷ್ಟು ಗಟ್ಟಿ ಇದ್ರೇನು. ನಿಮ್ಮ ಬಿಸಿನೆಸ್‌ನಲ್ಲಿ ಆ ನೆಲ ಯಾವುದು ಅಂತ ಯೋಚನೆ ಮಾಡಿ. ಡೊಮೇನ್, ಆ್ಯಪ್ ಸ್ಟೋರ್ ಅಕೌಂಟ್ ಅಂತ ನೀವೇ ಬರೆದಿದ್ದೀರ, ಜೊತೆಗೆ ಸೋರ್ಸ್ ಕೋಡ್ ಇಟ್ಟಿರೋ ಅಕೌಂಟ್, ಬ್ಯಾಂಕ್ ಅಕೌಂಟ್, ಕ್ಲೈಂಟ್ ಅಗ್ರಿಮೆಂಟ್‌ಗೆ ಸೈನ್ ಮಾಡಿರೋದು ಯಾರು ಅನ್ನೋದನ್ನೂ ನೋಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಡೈಲಾಗ್ ಬದಲು ಈ ಪಟ್ಟಿ ಇರಬೇಕಿತ್ತು.

ಈಗ ಸ್ವಲ್ಪ ಖಾರದ ಮಾತು, ಬೇಜಾರಾಗ್ಬೇಡಿ. ಸಿನಿಮಾ ನೋಡುವಾಗ ನಾವು ಕೂರೋ ಸೀಟು ನಾವೇ ಆರಿಸ್ಕೊಳ್ತೀವಿ. ನೀವು ಅಣ್ಣ ತಮ್ಮನ ಸೀಟಲ್ಲಿ ಕೂತು ನೋಡಿದ್ರಿ. ನಿಮ್ಮ ಫ್ರೆಂಡ್ ನೋಡಿದ್ರೂ ಅದೇ ಸೀಟಲ್ಲೇ ಕೂರ್ತಾರೆ, ಯಾಕಂದ್ರೆ ತಾನು ಕ್ರಾಕ್ ಅಂದ್ಕೊಂಡು ಆ ಸಿನಿಮಾ ನೋಡೋರು ನನಗಂತೂ ಸಿಕ್ಕಿಲ್ಲ. ಅವರ ಕಡೆಯಿಂದ ನೋಡಿ, ದುಡ್ಡು ಹಾಕಿದ್ದು ಅವರು, ಮುಳುಗಿದ್ರೆ ಹೋಗೋದು ಅವರದ್ದು, ಕ್ಲೈಂಟ್ಸ್ ದಿನಾ ಮಾತಾಡೋದು ನಿಮ್ಮ ಜೊತೆ. ಅವರಿಗೂ ಎಲ್ಲೋ ಒಂದು ಕಡೆ ಭಯ ಇರಲ್ವಾ? ನಿಮ್ಮ ಎರಡನೇ ಆಪ್ಷನ್ ಅಂತೂ, ಸೈಲೆಂಟಾಗಿ ಕ್ಲೈಂಟ್ಸ್ ಜೊತೆ ಮಾತಾಡೋದು, ಪಾರ್ಟ್ನರ್‌ಗೆ ಗೊತ್ತಿಲ್ಲದೆ ಬಿಸಿನೆಸ್ಸನ್ನ ಕಾಲ ಕೆಳಗಿಂದ ಎಳ್ಕೊಳ್ಳೋದು, ಸ್ವಾಮಿ ಅದೇ ಅಲ್ವಾ ಕ್ರಾಕ್ ಮಾಡಿದ್ದು? ಬೈತಾ ಬೈತಾ ಅವನ ಪಾಠಾನೇ ಕಲಿತು ಬಂದಿದ್ದೀರ.

ಹೋಗಲಿ, ಲಾಭಕ್ಕಾದ್ರೂ ಆಗುತ್ತಾ? 1996ರ ‘ಜೆರ್ರಿ ಮಗ್ವಾಯರ್’ ನಿಮ್ಮ ನೋಟ್‌ಬುಕ್‌ನಲ್ಲಿ ಇದ್ದೇ ಇರುತ್ತೆ ಅಂದ್ಕೊಳ್ತೀನಿ. ಜೆರ್ರಿ ಆಟಗಾರರ ಏಜೆಂಟ್, ಕೆಲಸ ಹೋದ ಕೂಡಲೇ ಎಲ್ಲಾ ಕ್ಲೈಂಟ್ಸ್‌ಗೂ ಫೋನ್ ಮೇಲೆ ಫೋನ್ ಮಾಡ್ತಾನೆ, ಕೊನೆವರೆಗೂ ಜೊತೇಲಿ ಉಳಿಯೋದು ಒಬ್ಬನೇ ಒಬ್ಬ ಆಟಗಾರ. ಸಿನಿಮಾ ಹೀರೋಗೇ ಉಳಿದಿದ್ದು ಒಬ್ಬನೇ ಕ್ಲೈಂಟ್! ನಮಗೆ ನೆನಪಿರೋದು ಅವನು ಆಫೀಸಿಂದ ಹೊರಗೆ ನಡೆಯೋ ಸೀನು, ಆ ಫೋನ್ ಕಾಲ್‌ಗಳ ಲೆಕ್ಕ ಯಾರಿಗೂ ನೆನಪಿರಲ್ಲ.

ಮುಖದ ಮೇಲೆ ಕೇಳಿಬಿಡೋದರ ಬಗ್ಗೆ ಸ್ವಂತ ಅನುಭವ ಇದೆ. ಇಪ್ಪತ್ತಾರನೇ ವಯಸ್ಸಲ್ಲಿ ನಾನೂ ಒಂದು ಸಿನಿಮಾ ಗುಂಗಲ್ಲಿ ಕೆಲಸಕ್ಕೆ ರಿಸೈನ್ ಮಾಡಿದೆ, ರಾತ್ರಿಯೆಲ್ಲಾ ಕನ್ನಡಿ ಮುಂದೆ ನಿಂತು ಡೈಲಾಗ್ ಪ್ರಾಕ್ಟೀಸ್ ಮಾಡಿದ್ದೆ. ಮಾರನೇ ದಿನ ಮೀಟಿಂಗ್ ರೂಮಲ್ಲಿ ಕೇಳೋಕೆ ಇದ್ದಿದ್ದು ಒಬ್ಬರೇ, ಅವರೂ ಫೋನ್ ನೋಡ್ತಾ ಕೂತಿದ್ರು, ನಾನು ಮುಗಿಸಿದ ಮೇಲೆ ಐಡಿ ಕಾರ್ಡ್ ಇಲ್ಲೇ ಇಟ್ಟು ಹೋಗಿ ಅಂದ್ರು. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇಲ್ಲದೆ ಆ ಡೈಲಾಗ್‌ಗಳು ಎಷ್ಟು ಸಪ್ಪೆ ಅಂತ ಅವತ್ತು ಗೊತ್ತಾಯ್ತು.

ಇನ್ನು ಮೂರನೇದು, ಎಲ್ಲಾ ಬಿಟ್ಟು ಹೋಗಿಬಿಡೋದು. ಇದು ನಿಮಗೆ ಎಲ್ಲಿಂದ ಬಂತು ಅಂತ ಊಹೆ ಮಾಡಬಲ್ಲೆ, ನಮ್ಮಲ್ಲಿ ಬಹಳ ಜನಕ್ಕೆ ಅಲ್ಲಿಂದಾನೇ ಬಂದಿರೋದು. 1972ರ ‘ಬಂಗಾರದ ಮನುಷ್ಯ’. ಪಾಳು ಬಿದ್ದ ನೆಲ ಹಸನು ಮಾಡಿ ಅಕ್ಕನ ಸಂಸಾರ ಎತ್ತಿ ನಿಲ್ಲಿಸಿದ ರಾಜೀವ, ಅಕ್ಕನ ಮಗನೇ ಆಸ್ತಿ ವಿಷಯಕ್ಕೆ ಅವಮಾನ ಮಾಡಿದಾಗ ಒಂದೂ ಮಾತಾಡದೆ ಮನೆ ಬಿಟ್ಟು ನಡೀತಾನೆ. ರಾಜ್‌ಕುಮಾರ್ ಹಾಗೆ ನಡೆದು ಹೋಗುವಾಗ ಅಳದೇ ಇರೋಕೆ ನನ್ನಿಂದ ಇವತ್ತಿಗೂ ಆಗಲ್ಲ. ಆದ್ರೆ ಕಣ್ಣೊರೆಸ್ಕೊಂಡ ಮೇಲೆ ಕೇಳ್ಬೇಕು ಅನ್ಸುತ್ತೆ, ಅಪ್ಪಾ ಅಷ್ಟು ವರ್ಷ ಎಲ್ಲರೂ ಒಂದೇ ಮನೇಲಿದ್ರಲ್ಲ, ಒಂದು ದಿನ ಕೂತು ಇದು ನಿಂದು, ಇದು ನಂದು ಅಂತ ಮಾತಾಡಿದ್ರೆ ಏನಾಗ್ತಿತ್ತು? ಸಿನಿಮಾ ಆಗ್ತಿರಲಿಲ್ಲ, ಅಷ್ಟೇ. ರಾಜೀವನಿಗೆ ಅದು ದೊಡ್ಡತನ. ನಿಮ್ಮದು ದೊಡ್ಡತನಾನೋ, ಮಾತಾಡೋಕೆ ಸಂಕೋಚಾನೋ, ನಿಮಗೇ ಗೊತ್ತು. ನನಗೆ ಸಂಕೋಚ ಅನ್ಸುತ್ತೆ.

ಹಾಗಂತ ಏನೋ ಒಂದು ಬರೆಸಿ ಸೈನ್ ಹಾಕಿಬಿಟ್ರೆ ಮುಗೀತು ಅಂದ್ಕೋಬೇಡಿ. 2010ರ ‘ದಿ ಸೋಶಿಯಲ್ ನೆಟ್‌ವರ್ಕ್’, ಅದು ಫೇಸ್‌ಬುಕ್ ಕಥೆ, ಅದರಲ್ಲಿ ಶುರುವಲ್ಲಿ ದುಡ್ಡು ಹಾಕಿದ ಪಾರ್ಟ್ನರ್ ಎಡ್ವಾರ್ಡೊ ಎಲ್ಲಾದಕ್ಕೂ ಸೈನ್ ಹಾಕ್ತಾನೆ, ಲಾಯರ್ ತನ್ನವರೇ ಅಂದ್ಕೊಂಡು. ಆಮೇಲೆ ನೋಡಿದ್ರೆ ಅವನ ಷೇರು 0.03 ಪರ್ಸೆಂಟ್‌ಗೆ ಇಳಿದಿರುತ್ತೆ. ಸಿನಿಮಾದಲ್ಲಿ ಅವನು ಲ್ಯಾಪ್‌ಟಾಪ್ ಒಡೀತಾನೆ, ನಾವು ಚಪ್ಪಾಳೆ ಹೊಡೀತೀವಿ. ಲ್ಯಾಪ್‌ಟಾಪ್ ಒಡೆದು ಸಿಕ್ಕಿದ್ದೇನೂ ಇಲ್ಲ, ನಿಜ ಜೀವನದಲ್ಲಿ ಅವರು ಕೇಸ್ ಹಾಕಿ ಸೆಟಲ್ ಮಾಡ್ಕೊಂಡ್ರು, ಕೋ-ಫೌಂಡರ್ ಅನ್ನೋ ಹೆಸರೂ ವಾಪಸ್ ಬಂತು.

ನೀವು ಮಾಡಬೇಕಾದ್ದು ಇಷ್ಟು. ಈ ಮೂರು ವರ್ಷದ ಮೆಸೇಜ್, ಮೇಲ್‌ಗಳಲ್ಲಿ ಫಿಫ್ಟಿ ಫಿಫ್ಟಿ ಅನ್ನೋ ಮಾತು ಬಂದಿರೋದನ್ನೆಲ್ಲಾ ಹುಡುಕಿ ಒಂದು ಕಡೆ ಇಟ್ಕೊಳ್ಳಿ, ಜಗಳಕ್ಕಲ್ಲ, ನಿಮಗೇ ನೆನಪಿರಲಿ ಅಂತ. ಬಾಯಿ ಮಾತಿನ ಪಾರ್ಟ್ನರ್‌ಶಿಪ್ಪಿಗೂ ಬಹಳ ಕಡೆ ಕಾನೂನಲ್ಲಿ ಬೆಲೆ ಇದೆ, ಬೇರೆ ಒಪ್ಪಂದ ಇಲ್ಲದಿದ್ರೆ ಲಾಭ ಸಮಪಾಲು ಅಂತಾನೇ ಹಿಡಿತಾರೆ, ಆದ್ರೆ ಪಾರ್ಟ್ನರ್‌ಶಿಪ್ ಇತ್ತು ಅಂತಾನೇ ತೋರಿಸ್ಬೇಕಲ್ಲ, ಅದಕ್ಕೆ. ನಿಮ್ಮ ಕಡೆಯಿಂದ ಬೇರೇನೇ ಒಬ್ಬ ಲಾಯರ್ ಇರಲಿ. ಅಗ್ರಿಮೆಂಟ್‌ನಲ್ಲಿ ಯಾರ ಪಾಲೆಷ್ಟು ಅನ್ನೋದರ ಜೊತೆ, ಆ ‘ನೆಲ’ದ ಪಟ್ಟಿ ಕಂಪನಿ ಹೆಸರಿಗೆ ಬರಬೇಕು, ಒಬ್ಬರು ಬಿಟ್ಟು ಹೋದ್ರೆ ಏನು, ಒಬ್ಬರಿಗೆ ಏನಾದ್ರೂ ಆದ್ರೆ ಮನೆಯವರಿಗೆ ಏನು ಅನ್ನೋದೂ ಇರಬೇಕು. ಅವರು ಹಾಕಿದ ದುಡ್ಡು ಮೊದಲು ವಾಪಸ್ ಹೋಗ್ಬೇಕಾ ಅನ್ನೋದನ್ನ ನೀವೇ ಮೊದಲು ಎತ್ತಿ. ಅವರ ಭಯ ಅಲ್ಲೇ ಇರೋದು, ಅದನ್ನ ನೀವಾಗೇ ಎತ್ತಿದ್ರೆ ಡೊಮೇನ್ ವಿಷಯ ಕೇಳುವಾಗ ಅವರಿಗೆ ಕೋಪ ಬರಲ್ಲ. ಬಂದ್ರೆ, ವಾರಗಟ್ಟಲೆ ಇವತ್ತು ನಾಳೆ ಅಂತ ತಳ್ಳಿದ್ರೆ, ಆಗ ನಿಮ್ಮ ಅನುಮಾನಕ್ಕೆ ಸಿನಿಮಾ ಸಾಕ್ಷಿ ಬೇಕಾಗಲ್ಲ, ಲಾಯರ್ ಹತ್ರ ಮುಂದಿನ ದಾರಿ ಕೇಳಿ.

ಮೊದಲ ಮೆಸೇಜ್ ನಾನೇ ಬರ್ಕೊಡ್ತೀನಿ: “ಮಗಾ, ಮೂರು ವರ್ಷ ಆಯ್ತು, ಪೇಪರ್ ಮೇಲೆ ಏನೂ ಇಲ್ಲ. ನೀನು ಹಾಕಿರೋ ದುಡ್ಡಿಗೂ ಸೇಫ್ ಇಲ್ಲ, ನನಗೂ ಇಲ್ಲ. ಭಾನುವಾರ ಕೂತು ಒಂದು ಅಗ್ರಿಮೆಂಟ್ ಡ್ರಾಫ್ಟ್ ಮಾಡೋಣ, ನಿನ್ನ ಪಾಯಿಂಟ್ಸ್ ನೀನು ಬರ್ಕೊಂಡು ಬಾ.” ಕಳಿಸೋ ಮುಂಚೆ ಹೆಂಡತಿಗೆ ತೋರಿಸಿ. ಡೈಲಾಗ್ ಏನೂ ಸೇರಿಸ್ಬೇಡಿ.